ಎರಡನೇ ಭಾಗದ ರೊಟ್ಟಿ

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದು ನಗುವುದು ಬೇಡ. ನಲವತ್ತೇಳು ದಾಟಿದ, ಹುರಿಮೀಸೆ ಬಿಟ್ಟಿರುವ, ಬೈಲಹೊಂಗಲದ ಬಸ್ ನಿಲ್ದಾಣದ ಹತ್ತಿರ ಖಾನಾವಳಿ ನಡೆಸುವ ನಾನು ಮಕ್ಕಳ ಸಾಹಸದ ಸಿನಿಮಾಗಳನ್ನು ಬಾಯಿ ತೆರೆದುಕೊಂಡು ನೋಡುತ್ತೇನೆ. ಒಂದು ಗುಹೆ, ಒಂದು ಹರಿದ ನಕಾಶೆ, ಹಗ್ಗದ ಸೇತುವೆ, ಮೂವರು ಹುಡುಗರು, ಅವರ ಹಿಂದೆ ಒಂದು ನಾಯಿ, ಇಷ್ಟಿದ್ದರೆ ನನಗೆ ಊಟವೂ ಬೇಡ. ಮಗಳು ಅಕ್ಷತಾಳಿಗೆ ತೋರಿಸಬೇಕಲ್ಲ ಎಂದು ಜನರ ಮುಂದೆ ಹೇಳುತ್ತೇನೆ. ಅವಳಿಗೆ ಈಗ ಹತ್ತು ವರ್ಷ. ಅವಳು ಹುಟ್ಟುವ ಮೊದಲು ಈ ನೆಪ ಇಲ್ಲದೆ ನಾನು ಪಟ್ಟ ಪಾಡು ನನಗೇ ಗೊತ್ತು. ಟಾಕೀಸಿನ ತುಂಬ ಮಕ್ಕಳು, ನಡುವೆ ನಾನು. ಹಿಂದಿನ ಸಾಲಿನಿಂದ “ಕಾಕಾ, ತಲಿ ಸ್ವಲ್ಪ ಬಗ್ಗಸ್ರಿ” ಎಂದು ಕೂಗುತ್ತಿದ್ದರು. ತಲೆ ಬಗ್ಗಿಸಿಕೊಂಡೇ ನಾನು ಎಷ್ಟೋ ನಿಧಿಗಳನ್ನು ಪತ್ತೆ ಹಚ್ಚಿದ್ದೇನೆ.

ಇಷ್ಟು ಪ್ರೀತಿ ಇದ್ದವನಿಗೆ ಒಂದು ದುಃಖವೂ ಇರಲೇಬೇಕು. ನನ್ನ ದುಃಖದ ಹೆಸರು ‘ಭಾಗ ಎರಡು’. ಮೊದಲ ಭಾಗದಲ್ಲಿ ಆ ಹುಡುಗರು ಪಾಪ, ಮುಳ್ಳುಕಂಟಿಯಲ್ಲಿ ಹಾಯ್ದು, ಹಾವಿನಿಂದ ತಪ್ಪಿಸಿಕೊಂಡು, ಕಳೆದುಹೋದ ಅಪ್ಪನನ್ನು ಹುಡುಕಿ ತಂದಿರುತ್ತಾರೆ. ಎರಡನೇ ಭಾಗ ಶುರುವಾಗಿ ಹತ್ತು ನಿಮಿಷಕ್ಕೆ ಆ ಅಪ್ಪ ಮತ್ತೆ ಕಳೆದುಹೋಗುತ್ತಾನೆ. ಇಂಥ ಮನುಷ್ಯನನ್ನು ಮನೆಯಲ್ಲಿ ಕಟ್ಟಿಹಾಕಿಯಾದರೂ ಇಡಬಾರದೇ? ಮೊದಲ ಭಾಗದಲ್ಲಿ ಸಿಕ್ಕ ನಿಧಿ ನಿಧಿಯೇ ಅಲ್ಲವಂತೆ, ಅದು ಅಸಲಿ ನಿಧಿಯ ಬೀಗದ ಕೈಯಂತೆ. ಹಿಂದಿನ ಸಲ ನಮ್ಮ ಕಣ್ಣೆದುರಿಗೇ ಪಾತಾಳಕ್ಕೆ ಬಿದ್ದ ಕಳ್ಳ, ಅಂಗಿಯ ಇಸ್ತ್ರಿ ಕೂಡ ಕೆಡದೆ ಎದ್ದು ಬರುತ್ತಾನೆ. ಇನ್ನು ನಡುವೆ ಒಂದೆರಡು ವರ್ಷ ಕಳೆದಿರುವುದರಿಂದ ಚಿಕ್ಕ ಹುಡುಗನಿಗೆ ಮೀಸೆ ಚಿಗುರಿರುತ್ತದೆ. ಅದನ್ನು ಮುಚ್ಚಲು ಬಳಿದ ಪೌಡರು ಮುಂದಿನ ಸಾಲಿನವರಿಗೆ ಚೆನ್ನಾಗಿ ಕಾಣುತ್ತದೆ. ಇದನ್ನೆಲ್ಲ ನಾನು ಕ್ಷಮಿಸಬಲ್ಲೆ. ಕ್ಷಮಿಸಲು ಆಗದ್ದು ಒಂದೇ. ಮೊದಲ ಭಾಗದಲ್ಲಿ ನಾವು ಮನಸ್ಸಿಟ್ಟವರನ್ನು ಎರಡನೇ ಭಾಗದವರು ಮರೆತೇ ಬಿಡುತ್ತಾರೆ. ಅವರ ಈ ಮರೆವಿನಿಂದ ನಮ್ಮ ಖಾನಾವಳಿಯಲ್ಲಿ ನಾನು ಹನ್ನೊಂದು ದಿನ ಸುಳ್ಳು ಹೇಳಬೇಕಾಗಿ ಬಂತು. ಅದನ್ನು ತಿಳಿಸಬೇಕಾದರೆ ಮೊದಲು ನಮ್ಮವ್ವನ ವಿಷಯ ಹೇಳಬೇಕು.

ಖಾನಾವಳಿ ಕಟ್ಟಿದವಳು ಅವ್ವ. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಅಪ್ಪ ತೀರಿಕೊಂಡ. ರಾಮದುರ್ಗದ ಹತ್ತಿರ ಮಲಪ್ರಭೆಯ ದಂಡೆಯ ಊರಿನಿಂದ ಸೊಸೆಯಾಗಿ ಬಂದಿದ್ದ ಅವ್ವನಿಗೆ ಗೊತ್ತಿದ್ದ ವಿದ್ಯೆ ಜೋಳದ ರೊಟ್ಟಿ ಬಡಿಯುವುದು. ಪೇಟೆಗೆ ಹತ್ತಿ ತರುತ್ತಿದ್ದ ರೈತರು, ಬಸ್ಸಿನವರು, ಕೋರ್ಟಿಗೆ ಬಂದವರು ಎಲ್ಲರೂ ಅವಳ ರೊಟ್ಟಿ ಉಂಡರು, ನಾವು ಬದುಕಿದೆವು. ಆದರೆ ಪಂಕ್ತಿ ಕೂರುವ ಹೊತ್ತು, ಟಾಕೀಸಿನಲ್ಲಿ ಮ್ಯಾಟ್ನಿ ಶುರುವಾಗುವ ಹೊತ್ತು ಎರಡೂ ಒಂದೇ. ಹೀಗಾಗಿ ಅವ್ವ ಸಿನಿಮಾಕ್ಕೆ ಹೋಗಲೇ ಇಲ್ಲ, ನನ್ನನ್ನು ಕಳಿಸುತ್ತಿದ್ದಳು. “ನೀ ನೋಡಕೊಂಡ ಬಾ. ನಾಳೆ ರೊಟ್ಟಿ ಬಡಿಯುಮುಂದ ಹೇಳಬೇಕ ನೋಡು, ಒಂದೂ ಬಿಡಬಾರದು” ಎಂದು ಕರಾರು. ಅಂದಿನಿಂದ ಇಂದಿನವರೆಗೆ ಅವಳ ಪಾಲಿನ ಸಿನಿಮಾಗಳನ್ನೆಲ್ಲ ನಾನೇ ನೋಡುತ್ತ ಬಂದಿದ್ದೇನೆ. ಬೆಳಗಿನ ಹತ್ತು ಗಂಟೆಗೆ ಅವ್ವ ಹಿಟ್ಟು ನಾದಿಕೊಂಡು ಒಲೆಯ ಮುಂದೆ ಕೂತರೆ, ನಾನು ಬದನೆಕಾಯಿ ಹೆಚ್ಚುತ್ತ ಕಥೆ ಹೇಳಲು ಕೂರುತ್ತೇನೆ.

ಇದರಲ್ಲೊಂದು ಮರ್ಮವಿದೆ. ಕಥೆ ಹಿಡಿಸಿದರೆ ಅವ್ವನಿಗೆ ಕೈ ನಿಲ್ಲಿಸುವುದು ನೆನಪಿರುವುದಿಲ್ಲ. ತಟತಟ ಬಡಿಯುತ್ತಲೇ ಇರುತ್ತಾಳೆ, ರೊಟ್ಟಿ ಅಗಲವಾಗುತ್ತ ತೆಳ್ಳಗಾಗುತ್ತ ಹೋಗಿ, ಎತ್ತಿ ಹಿಡಿದರೆ ಆಚೆಯ ಬೆಳಕು ಕಾಣುತ್ತದೆ. ಕಥೆ ಸಪ್ಪೆಯಾದರೆ ನಾಲ್ಕು ಏಟಿಗೆ ಬೇಸರ ಬಂದು ಹಾಗೇ ಎತ್ತಿ ಹಂಚಿಗೆ ಹಾಕಿಬಿಡುತ್ತಾಳೆ. ಇದನ್ನು ಮೊದಲು ಪತ್ತೆ ಹಚ್ಚಿದವನು ಹುಸೇನಸಾಬ್. ರಾಮದುರ್ಗದವನು, ಸವದತ್ತಿ, ಬೈಲಹೊಂಗಲ ಎಂದು ಸಾಮಾನಿನ ಟೆಂಪೋ ಓಡಿಸುತ್ತಾನೆ, ಇಪ್ಪತ್ತು ವರ್ಷದಿಂದ ಮಧ್ಯಾಹ್ನದ ಊಟ ನಮ್ಮಲ್ಲೇ. ಅವನು ಟಾಕೀಸಿಗೆ ಕಾಲಿಡುವವನಲ್ಲ. ಆದರೂ ಊರಿಗೆ ಬಂದ ಯಾವ ಸಿನಿಮಾ ಹೇಗಿದೆ ಎಂದು ಅವನಿಗೆ ಗೊತ್ತು. ತಟ್ಟೆಗೆ ರೊಟ್ಟಿ ಬಿದ್ದ ಕೂಡಲೇ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, “ಬಸಣ್ಣಾ, ಈ ವಾರದ್ದು ಏನೂ ಹುರುಳಿಲ್ಲ ಬಿಡ್ರಿ” ಅನ್ನುತ್ತಾನೆ.

ನಾಲ್ಕು ವರ್ಷದ ಹಿಂದೆ ಒಂದು ಸಿನಿಮಾ ಬಂತು. ಹೆಸರು ಹೇಳುವುದಿಲ್ಲ, ಅದನ್ನು ತೆಗೆದವರೂ ಯಾರದೋ ಮನೆಯ ಮಕ್ಕಳೇ. ಮೂವರು ಹುಡುಗರು ಹಳೆಯ ಕೋಟೆಯ ಸುರಂಗದಲ್ಲಿರುವ ನಿಧಿ ಹುಡುಕುತ್ತ ತುಂಬಿದ ಹೊಳೆಯ ದಡಕ್ಕೆ ಬರುತ್ತಾರೆ, ಹಿಂದೆ ಕಳ್ಳರು. ಅಲ್ಲಿ ಹರಿಗೋಲಿನ ಒಬ್ಬ ಮುದುಕಿ. ಹುಡುಗರನ್ನು ಆಚೆ ದಡಕ್ಕೆ ಬಿಟ್ಟು, ತಾನು ಮಾತ್ರ ಕಳ್ಳರ ದಾರಿ ತಪ್ಪಿಸಲು ಈಚೆಗೆ ಮರಳುತ್ತಾಳೆ. ಹೋಗುವಾಗ, ನೀವು ಬರುವತನಕ ದೀಪ ಹಚ್ಚಿಟ್ಟುಕೊಂಡು ದಡದಲ್ಲೇ ಕೂತಿರುತ್ತೇನೆ ಎಂದು ಮಾತು ಕೊಡುತ್ತಾಳೆ. ನಾನು ಈ ಭಾಗ ಹೇಳುವಾಗ ಅವ್ವನ ರೊಟ್ಟಿ ಹಪ್ಪಳಕ್ಕಿಂತ ತೆಳ್ಳಗಾಯಿತು. ಹೊಳೆ ಎಂದರೆ ಅವಳಿಗೆ ಮಲಪ್ರಭೆಯೇ, ಹರಿಗೋಲು ಎಂದರೆ ಅವಳು ಹುಡುಗಿಯಾಗಿದ್ದಾಗ ದಾಟುತ್ತಿದ್ದ ಹರಿಗೋಲೇ. ಕೊನೆಗೆ ಹುಡುಗರು ನಿಧಿ ತೆಗೆದುಕೊಂಡು, ಬೇರೆ ದಾರಿ ಹಿಡಿದು, ಆನೆಯ ಮೇಲೆ ಕೂತು ಊರು ಸೇರಿದರು ಎಂದು ನಾನು ಮುಗಿಸಿದೆ. ಅವ್ವನ ಕೈ ನಿಂತಿತು.

“ಮತ್ತ ಆ ಮುದುಕಿ?”

“ಎರಡನೇ ಭಾಗದಾಗ ಬರತಾಳವ್ವಾ.”

“ಅಲ್ಲೀತನಕಾ ಆಕಿ ದಂಡಿ ಮ್ಯಾಲ ಕುಂದರೂದೇನ? ಹೊಟ್ಟಿಗಿ ಏನ ಮಾಡತಾಳ?”

ಖಾನಾವಳಿ ನಡೆಸುವವಳಿಗಲ್ಲದೆ ಇನ್ಯಾರಿಗೂ ಈ ಪ್ರಶ್ನೆ ಹೊಳೆಯಲಾರದು. ಎರಡನೇ ಭಾಗ ಬರಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ನಮ್ಮ ಮನೆಯಲ್ಲಿ ಆ ಸಿನಿಮಾ ಮುಗಿಯಲೇ ಇಲ್ಲ. ಅಕ್ಷತಾ ಶಾಲೆಯ ಟ್ರಿಪ್ಪಿನಲ್ಲಿ ಕಿತ್ತೂರಿಗೆ ಹೋದವಳು, ಸಾಲು ತಪ್ಪಿಸಿ, ಕೋಟೆಯ ಗೋಡೆಗೆ ಕಲ್ಲಿನಿಂದ ಕುಟ್ಟಿ ಸುರಂಗ ಹುಡುಕುತ್ತ ನಿಂತಿದ್ದಳಂತೆ, ಪಾಠ ಹೇಳುವ ಅಕ್ಕೋರು ಫೋನು ಮಾಡಿ ನನ್ನನ್ನು ಬೈದರು. ಇತ್ತ ಅವ್ವ, ಮಳೆ ಜೋರಾಗಿ ಮಲಪ್ರಭೆ ಏರಿದ ಸುದ್ದಿ ಟೀವಿಯಲ್ಲಿ ಬಂದಾಗಲೆಲ್ಲ, “ಆಕಿ ಎಲ್ಲಿ ಕುಂತಾಳೋ ಏನೋ” ಅನ್ನುತ್ತಿದ್ದಳು. ಯಾರು ಎಂದು ನಾವು ಕೇಳುತ್ತಿರಲಿಲ್ಲ.

ಎರಡನೇ ಭಾಗ ಬಂತು. ನಾನೂ ಅಕ್ಷತಾಳೂ ಮೊದಲ ದಿನವೇ ಹೋದೆವು. ಹೊಳೆ ಇಲ್ಲ. ಕೋಟೆ ಇಲ್ಲ. ಹುಡುಗರು ದೊಡ್ಡ ಪಟ್ಟಣಕ್ಕೆ ಬಂದಿದ್ದಾರೆ, ಗಾಜಿನ ಕಟ್ಟಡಗಳ ನಡುವೆ ಹಾರುವ ಸೈಕಲ್ಲಿನಲ್ಲಿ ತಿರುಗುತ್ತಾರೆ, ಜತೆಗೆ ಕಪ್ಪು ಕನ್ನಡಕ ಹಾಕಿಕೊಂಡು ಮಾತಾಡುವ ಒಂದು ಮಂಗ. ನೀರು ಅಂತ ಕಂಡದ್ದು ಒಂದು ಈಜುಕೊಳ. ಅಕ್ಷತಾ ಇಡೀ ಟಾಕೀಸಿಗೆ ಕೇಳುವಂತೆ “ಪಪ್ಪಾ, ಮುದುಕಿ ಎಲ್ಲಿ?” ಅಂದಳು. ಇಂಟರ್‌ವಲ್ ಆದ ಮೇಲೆ ಬರ್ತಾಳೆ ಅಂದೆ. ಇಂಟರ್‌ವಲ್ ಆದ ಮೇಲೆ ಮಂಗ ಎರಡು ಹಾಡು ಹಾಡಿತು.

ಮರುದಿನ ಹತ್ತು ಗಂಟೆಗೆ ಅವ್ವ ಒಲೆಯ ಮುಂದೆ ಕೂತಳು. ಅವತ್ತು ಬೆಳಿಗ್ಗೆ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟುಕೊಂಡಿದ್ದಳು. ನಾನು ಇದ್ದದ್ದು ಇದ್ದ ಹಾಗೆ ಶುರು ಮಾಡಿದೆ. ಹುಡುಗರು ಪಟ್ಟಣಕ್ಕೆ ಹೋದರು ಅಂದೆ. “ಹೊಳಿ ದಾಟಿ ಹೋದ್ರೇನ?” ಇಲ್ಲ ಅಂದೆ. “ಮುದುಕಿನ್ನ ಕರಕೊಂಡ ಹೋದ್ರೇನ?” ಮುಂದೆ ಬರುತ್ತಾಳೆ ಇರು ಎಂದು ಮಂಗನ ವಿಷಯ ತೆಗೆದೆ. ನಾಲ್ಕು ಏಟು, ಹಂಚಿಗೆ. ನಾಲ್ಕು ಏಟು, ಹಂಚಿಗೆ. ಮಧ್ಯಾಹ್ನ ಹುಸೇನಸಾಬ್ ತನ್ನ ತಟ್ಟೆಯ ರೊಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಬಸಣ್ಣಾ, ಇದನ್ನೊಂದ ಕಟ್ಟಿಕೊಡ್ರಿ. ಸವದತ್ತಿ ಏರಿನ್ಯಾಗ ಗಾಲಿ ಹಿಂದ ಇಟ್ರ ಟೆಂಪೋ ಹಿಂದಕ್ಕ ಬರೂದಿಲ್ಲ” ಅಂದ. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ರೊಟ್ಟಿ ದಪ್ಪವಾದದ್ದು ಹಾಗಿರಲಿ, ಒಲೆಯ ಮುಂದೆ ಅವ್ವನ ಮುಖ ಸಣ್ಣದಾಗಿತ್ತು. ಎರಡು ವರ್ಷ ಒಬ್ಬಳನ್ನು ಮನಸ್ಸಿನಲ್ಲಿ ಕಾಪಿಟ್ಟುಕೊಂಡವಳಿಗೆ ನಾನು ಒಂದು ಮಂಗ ತಂದುಕೊಟ್ಟಿದ್ದೆ.

ಅದಕ್ಕೇ ಮರುದಿನ ಸುಳ್ಳು ಶುರು ಮಾಡಿದೆ. “ಅವ್ವಾ, ನಿನ್ನೆ ಹೇಳಿದ್ದು ಬರೇ ಪೀಠಿಕಾ. ಖರೇ ಕಥಿ ಇನ್ನ ಮುಂದ ಐತಿ” ಎಂದೆ. ಹುಡುಗರಿಗೆ ಪಟ್ಟಣದಲ್ಲಿ ಊಟ ರುಚಿಸದೆ ಮುದುಕಿಯ ನೆನಪಾಗಿ ತಿರುಗಿ ಬಂದರು. ದಡದಲ್ಲಿ ದೀಪ ಇನ್ನೂ ಉರಿಯುತ್ತಿತ್ತು. “ಎಣ್ಣಿ ಯಾರು ಹಾಕಿದ್ರು?” ಹೊಳೆ ದಾಟುವವರು ತಲೆಗೊಂದು ಚಮಚ ಹಾಕಿ ಹೋಗುತ್ತಿದ್ದರು. “ಹೊಟ್ಟಿಗಿ?” ಅವರೇ ರೊಟ್ಟಿ ಕೊಡುತ್ತಿದ್ದರು. ಅವ್ವ ಸಮಾಧಾನದಿಂದ ಹಿಟ್ಟು ಎಳೆದುಕೊಂಡಳು. ಅಲ್ಲಿಂದ ಮುಂದೆ ನನ್ನನ್ನು ಹಿಡಿಯುವವರಿರಲಿಲ್ಲ. ಮುದುಕಿ ಕಳ್ಳರ ನಾಯಕನನ್ನು ಉಪಾಯವಾಗಿ ಹರಿಗೋಲಿಗೆ ಹತ್ತಿಸಿಕೊಂಡು, ನಡುಹೊಳೆಯಲ್ಲಿ ಗರಗರ ತಿರುಗಿಸಿ, ತಲೆ ಸುತ್ತಿ ಬಿದ್ದವನಿಂದ ಗುಟ್ಟು ಹೊರಡಿಸಿದ ದಿನದ ರೊಟ್ಟಿಯನ್ನು ನೀವು ನೋಡಬೇಕಿತ್ತು. ಎರಡು ಗಂಟೆಯ ಸಿನಿಮಾ ನಮ್ಮ ಅಡಿಗೆಮನೆಯಲ್ಲಿ ಹನ್ನೊಂದು ದಿನ ಓಡಿತು. ಅಕ್ಷತಾ ಬಾಯಿ ಬಿಡದಿರಲಿ ಎಂದು ದಿನಕ್ಕೊಂದು ಐಸ್‌ಕ್ಯಾಂಡಿ ಗೊತ್ತುಮಾಡಿದ್ದೆ. ಅವಳು ಪ್ರತಿದಿನ ಅದನ್ನು ಇಸಿದುಕೊಂಡು, ಗಂಟಲ ಮೇಲೆ ಕೈಯಿಟ್ಟು ಆಣೆ ಮಾಡಿ ಹೋಗುತ್ತಿದ್ದಳು.

ಮುಂದೆ ಎರಡು ವರ್ಷ ಸುಖವಾಗಿ ಕಳೆಯಿತು. ಈ ವರ್ಷ ಮಾತ್ರ ಅವ್ವನ ಬಲಗೈ ಮಣಿಕಟ್ಟು ಊದಿಕೊಂಡಿತು. ಡಾಕ್ಟರು ಪಟ್ಟಿ ಸುತ್ತಿ, ಇನ್ನು ರೊಟ್ಟಿ ಬಡಿಯುವ ಮಾತೇ ಬೇಡ ಅಂದರು. ರೊಟ್ಟಿಯನ್ನು ಹೊರಗಿನಿಂದ ತರಿಸೋಣ ಅಂದೆ. “ಖಾನಾವಳಿ ನಮ್ಮದು, ರೊಟ್ಟಿ ಮಂದೀದೇನ? ನೀ ಕಲಿ” ಎಂದಳು. ಹೀಗೆ ಮೀಸೆಗೆಲ್ಲ ಹಿಟ್ಟು ಮೆತ್ತಿಕೊಂಡು ನಾನು ಒಲೆಯ ಮುಂದೆ ಕೂತೆ. ನನ್ನ ಹೆಂಡತಿ ಸುಮಾ ದೊಡವಾಡದ ಶಾಲೆಯಲ್ಲಿ ಶಿಕ್ಷಕಿ. ಬೆಳಗಿನ ಬಸ್ಸಿಗೆ ಹೊರಟವಳು ನನ್ನ ಮೊದಲ ರೊಟ್ಟಿಯನ್ನು ನೋಡಿ, “ಇದು ಯಾವ ತಾಲೂಕಿನ ನಕಾಶೆರಿ?” ಎಂದು ಕೇಳಿ ಹೋದಳು. ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆ ಮಧ್ಯಾಹ್ನ ಹುಸೇನಸಾಬ್ ಒಂದೇ ರೊಟ್ಟಿ ಉಂಡು ಕೈ ತೊಳೆಯಲು ಎದ್ದ. “ಹೊಟ್ಟಿ ತುಂಬೈತ್ರಿ” ಎಂದ, ನನ್ನ ಮುಖ ನೋಡಲಿಲ್ಲ. ಇಪ್ಪತ್ತು ವರ್ಷದಲ್ಲಿ ಅವನು ಒಂದಕ್ಕೇ ಎದ್ದದ್ದು ಅದೇ ಮೊದಲು. ಮೊದಲ ಭಾಗ ನೋಡಿದ ಗಿರಾಕಿ ಎರಡನೇ ಭಾಗಕ್ಕೆ ಬಂದು, ಇಂಟರ್‌ವಲ್ಲಿನಲ್ಲೇ ಎದ್ದುಹೋದ ಹಾಗಾಯಿತು ನನಗೆ. ಅವ್ವ ಮೂವತ್ತೇಳು ವರ್ಷ ನಡೆಸಿದ್ದನ್ನು ನಾನು ಮೂರು ವಾರಕ್ಕೆ ಮುಚ್ಚಿಸುತ್ತೇನೇನೋ ಎಂದು ನಿಜಕ್ಕೂ ಹೆದರಿದೆ.

ಅದೇ ಹೊತ್ತಿಗೆ ಸರಿಯಾಗಿ ಆ ಸಿನಿಮಾದ ಮೂರನೇ ಭಾಗ ಬಂತು, ಧಾರವಾಡದ ಹೊಸ ಥಿಯೇಟರಿಗೆ. ಅವ್ವ ಪಟ್ಟಿ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, “ಈಗಂತೂ ಕೈ ಖಾಲಿ ಅದಾವ. ಈ ಸಲ ನಾನೂ ಬರತೇನಿ. ಆ ಮುದುಕಿನ್ನ ಒಮ್ಮೆ ಕಣ್ಣಾರೆ ನೋಡಬೇಕ” ಎಂದಳು. ಮೊಣಕಾಲು ನೋಯುತ್ತದೆ, ಒಳಗೆ ಬಹಳ ಥಂಡಿ, ಸಪ್ಪಳ ಜೋರು, ಮಾತು ಹಿಂದಿಯಲ್ಲಿದೆ, ಏನೆಲ್ಲ ಹೇಳಿದೆ. “ಹೊಳಿ, ಮುದುಕಿ, ಕಳ್ಳ. ಇದಕ್ಕ ಭಾಷಿ ಯಾಕ ಬೇಕೋ?” ಎಂದಳು. ರವಿವಾರ ಖಾನಾವಳಿಗೆ ಬೀಗ ಹಾಕಿ ಮೂವರೂ ಹೊರಟೆವು. ಸುಮಾ ಬರಲಿಲ್ಲ, ಮಂಗನ ಕಥೆ ಒಂದು ಸಲ ಕೇಳಿದ್ದೇ ಸಾಕು ಎಂದಳು. ಅವ್ವ ಬುತ್ತಿ ಕಟ್ಟಿಸಿಕೊಂಡಿದ್ದಳು. ಬಾಗಿಲಲ್ಲಿ ಕಾವಲಿನವನು, “ಹೊರಗಿನ ಊಟ ಒಳಗ ಬಿಡೂದಿಲ್ಲರಿ ಅಮ್ಮಾರ” ಎಂದ. ಅವ್ವ ಒಂದು ಕ್ಷಣ ಅವನನ್ನು ಮೇಲೆ ಕೆಳಗೆ ನೋಡಿ, “ಹಂಗಾರ ನೀ ಉಣ್ಣಪಾ. ಹಸದಾಂವ ಕಂಡಂಗ ಕಾಣತಿ” ಎಂದು ಗಂಟನ್ನು ಅವನ ಕೈಗೇ ಕೊಟ್ಟು ಒಳಗೆ ನಡೆದಳು.

ಆ ಸಿನಿಮಾವನ್ನು ನಾನು ನೋಡಲಿಲ್ಲ. ಅವ್ವನನ್ನು ನೋಡುತ್ತ ಕೂತೆ. ಅಷ್ಟು ಥಂಡಿಯಲ್ಲೂ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಮೊದಲಿನ ಹುಡುಗರಲ್ಲಿ ಇಬ್ಬರು ನಾಪತ್ತೆ, ಉಳಿದವನಿಗೆ ಪೂರ್ತಿ ಮೀಸೆ. ಮಂಗನಿಗೆ ಮರಿ ಹುಟ್ಟಿದೆ, ಅದಕ್ಕೂ ಕನ್ನಡಕ. ಒಮ್ಮೆ ಹೊಳೆ ಕಂಡಿತು, ಅವ್ವ ಮುಂದಕ್ಕೆ ಬಾಗಿದಳು. ಹೊಳೆಯ ಮೇಲಿನ ಸೇತುವೆಯಲ್ಲಿ ಕಾರುಗಳು ಓಡಿದವು, ಅಷ್ಟೇ. ಅವ್ವ ಮತ್ತೆ ಹಿಂದಕ್ಕೆ ಒರಗಿದಳು. ಕೊನೆಗೆ ನಾಲ್ಕನೇ ಭಾಗ ಬರುತ್ತದೆ ಎಂದು ಫಲಕ ಬಿತ್ತು. ಹೊರಗೆ ಬಂದಾಗ ಕಾವಲಿನವನು ಬುತ್ತಿಯ ಅರಿವೆಯನ್ನು ಮಡಿಚಿ ಹಿಡಿದುಕೊಂಡು ನಿಂತಿದ್ದ, ಖಾನಾವಳಿಯ ವಿಳಾಸ ಕೇಳಿದ. ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ ಕೂತು, ಹೊರಗಿನ ಹೊಲಗಳನ್ನು ನೋಡುತ್ತ ಬಂದಳು. ದೊಡವಾಡ ದಾಟಿದ ಮೇಲೆ, “ಖುರ್ಚಿ ಬಾಳ ಮೆತ್ತಗ ಇದ್ದುವು” ಎಂದಳು. ನನ್ನ ಮೇಲೆ ಸಿಟ್ಟಾಗಿದ್ದಾಳೆ ಎಂದುಕೊಂಡೆ.

ಮರುದಿನ ಹತ್ತು ಗಂಟೆಗೆ ನಾನು ಹಿಟ್ಟು ನಾದಿಕೊಂಡು ಕೂತೆ. ಶಾಲೆಗೆ ರಜೆ, ಅಕ್ಷತಾ ಬಾಗಿಲ ಬಳಿ ಚೌಕಾಬಾರ ಬರೆದುಕೊಂಡು ಒಬ್ಬಳೇ ಆಡುತ್ತಿದ್ದಳು. ಅವ್ವ ನನ್ನ ಎದುರಿಗೆ ಮಣೆ ಹಾಕಿಕೊಂಡು, “ಹೇಳಲೇನು, ನಿನ್ನಿ ಸಿನಿಮಾದ ಕಥಿ?” ಎಂದಳು.

“ನಾನೂ ಅಲ್ಲೇ ಇದ್ನಲ್ಲವ್ವಾ.”

“ನೀ ಎಲ್ಲಿ ನೋಡಿದಿ? ಬಡಿ, ಬಡಿ. ಕೈ ನಿಲ್ಲಸಬ್ಯಾಡ.”

ಅವ್ವ ಹೇಳತೊಡಗಿದಳು. ಹೊಳೆ ತುಂಬಿ ಬಂದಿತ್ತು. ಮುದುಕಿಯ ಕೈಗೆ ನೋವಾಗಿ, ಹರಿಗೋಲು ನಡೆಸಲು ಆಗದಂತಾಗಿತ್ತು. “ಆಕಿ ಹುಟ್ಟನ್ನ ಆ ಮೀಸಿ ಬಂದ ಹುಡಗನ ಕೈಯಾಗ ಕೊಟ್ಟಳು. ಅವಂಗ ಎಲ್ಲಿ ಬರಬೇಕು? ಹರಿಗೋಲು ನಿಂತಲ್ಲೇ ಗರಗರ ತಿರಗಾಕ ಹತ್ತಿತು. ದಡದಾಗ ನಿಂತಾವರು ನಗಾಕ ಹತ್ತಿದ್ರು.”

“ಮುದುಕಿ ಬೈಲಿಲ್ಲೇನ?” ಎಂದೆ.

“ಬೈದಳು. ಆದ್ರ ಇಳದ ಹೋಗಲಿಲ್ಲ.”

“ದಡಾ ಮುಟ್ಟಿದ್ರೇನ?”

“ತಡಾ ಆತು. ಮುಟ್ಟಿದ್ರು.”

ಕೆಳಗೆ ನೋಡಿದರೆ ನನ್ನ ಕೈಯಡಿಯ ರೊಟ್ಟಿ ಮಣೆಯ ಅಂಚಿನತನಕ ಹರಡಿತ್ತು. ಒಂದು ಕಡೆ ಚಿಕ್ಕ ತೂತು ಬಿದ್ದಿತ್ತು, ಆದರೂ ತೆಳ್ಳಗಿತ್ತು. ನನಗೆ ಇನ್ನು ತಡೆಯಲಾಗಲಿಲ್ಲ. “ಅವ್ವಾ, ಎರಡನೇ ಭಾಗದಾಗೂ ಆ ಮುದುಕಿ ಇರಲಿಲ್ಲ. ನಾನ ಕಟ್ಟಿ ಹೇಳಿದ್ದೆ” ಎಂದು ಒದರಿಬಿಟ್ಟೆ.

“ಗೊತ್ತೈತಿ. ಅಕ್ಷತಾ ಮೊದಲನೇ ದಿನಾ ಸಂಜಿಕಿನ ಹೇಳಿದ್ಲು, ಐಸ್‌ಕ್ಯಾಂಡಿ ಚೀಪಕೋತ.”

ಅಕ್ಷತಾ ಚೌಕಾಬಾರದಿಂದ ತಲೆ ಎತ್ತಲಿಲ್ಲ. ಹಾಗಿದ್ದರೆ ಹನ್ನೊಂದು ದಿನ ಯಾಕೆ ಕೇಳಿದೆ, ನಿನ್ನೆ ಯಾಕೆ ಧಾರವಾಡಕ್ಕೆ ಬಂದೆ ಎಂದು ಕೇಳಿದೆ. “ನಿನ್ನಿ ಬಂದದ್ದು ನಿನ್ನ ಮಾರಿ ನೋಡಾಕ” ಎಂದು ಅವ್ವ ಪಟ್ಟಿಯ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ, “ಹನ್ನೊಂದ ದಿನ ಕೇಳಿದ್ದು ಯಾಕಂದ್ರ, ನನಗ ಹೇಳಾಕ ಅಂತ ನೀ ಇಷ್ಟ ತ್ರಾಸ ತಗೊಂಡಿದ್ದಿ. ನಿನ್ನ ಸಣ್ಣಾಂವ ಇದ್ದಾಗಿಂದ ಟಾಕೀಸಿಗೆ ಕಳಿಸಿದ್ದು ದಂಡ ಆಗಲಿಲ್ಲ ಅನಿಸ್ತು” ಅಂದಳು. ನಾನು ಹಿಟ್ಟಿನ ಕೈಯಿಂದಲೇ ಕಣ್ಣು ಒರೆಸಿಕೊಂಡೆ. ಮಕ್ಕಳ ಸಿನಿಮಾ ನೋಡಿ ಅಳುವವನು ಎಂದು ಮೊದಲೇ ತಿಳಿಸಬೇಕಿತ್ತು, ಈಗ ತಿಳಿಸಿದ್ದೇನೆ.

ಮಧ್ಯಾಹ್ನ ಹುಸೇನಸಾಬ್ ಬಂದ. ಅವ್ವ ತಾನೇ ಎದ್ದು ಎಡಗೈಯಿಂದ ಅವನ ತಟ್ಟೆಗೆ ರೊಟ್ಟಿ ಹಾಕಿದಳು. ತೆಳ್ಳನೆಯದು ಒಂದೇ, ಅದು ಮೇಲೆ, ಅದರ ಕೆಳಗೆ ತಾಲೂಕಿನ ನಕಾಶೆಗಳು. ಅವನು ಎಂದಿನಂತೆ ಅಂಚನ್ನು ಎರಡು ಬೆರಳಲ್ಲಿ ಹಿಡಿದ.

“ಇವತ್ತ ನಾನ ಬಡದೇನಿ, ಉಣ್ಣಪಾ” ಎಂದಳು ಅವ್ವ.

ಹುಸೇನಸಾಬ್ ಅವ್ವನ ಕೈಗೆ ಸುತ್ತಿದ ಪಟ್ಟಿಯನ್ನು ನೋಡಿದ. ನನ್ನ ಮೀಸೆಯ ಹಿಟ್ಟನ್ನು ನೋಡಿದ. “ಅದಕ್ಕ ನಾ ಅಂದೆ, ಅವ್ವಾರ ಕೈ ಅಂದ್ರ ಅವ್ವಾರ ಕೈನ. ಇನ್ನೊಂದ ಹಾಕ್ರಿ” ಎಂದ. ಮೂರು ಉಂಡ. ಮೂರನೆಯದನ್ನು ಅಗಿಯುವಾಗ ಅವನ ದವಡೆ ಪಟ್ಟ ಶ್ರಮ ನನಗೆ ದೂರದಿಂದಲೂ ಕಾಣುತ್ತಿತ್ತು. ಟಾಕೀಸಿನಲ್ಲಿ ಕೂತು ಬರೀ ಬೈಯುತ್ತಿದ್ದ ನನಗೆ ಅವತ್ತು ಅರ್ಥವಾಯಿತು, ಎರಡನೇ ಭಾಗಗಳೆಲ್ಲ ಬದುಕುವುದು ಇಂಥವರ ಪುಣ್ಯದಿಂದ. ಮೊದಲನೆಯದನ್ನು ಪ್ರೀತಿಸಿದ ತಪ್ಪಿಗೆ ಇವರು ಎರಡನೆಯದನ್ನೂ ಎದ್ದುಹೋಗದೆ ಅಗಿಯುತ್ತಾರೆ. ಹುಸೇನಸಾಬನ ತಟ್ಟೆಗೆ ನಾನೇ ಹೋಗಿ ತುಪ್ಪ ಬಡಿಸಿದೆ. ಆ ಸಿನಿಮಾದ ನಾಲ್ಕನೇ ಭಾಗಕ್ಕೂ ಹೋಗುವುದೆಂದು ಅಲ್ಲೇ ನಿಶ್ಚಯಿಸಿದೆ.

ಅವನ ಟೆಂಪೋ ಹೊರಟ ಮೇಲೆ ಅಕ್ಷತಾ ಮೆಲ್ಲಗೆ ನನ್ನ ಹತ್ತಿರ ಬಂದು, ಗಂಟಲ ಮೇಲೆ ಕೈಯಿಟ್ಟುಕೊಂಡಳು. “ಪಪ್ಪಾ, ರೊಟ್ಟಿ ನೀ ಬಡದಿದ್ದು ಅಂತ ನಾ ಹುಸೇನ ಕಾಕಾಗ ಹೇಳೂದಿಲ್ಲ. ಒಂದ ಐಸ್‌ಕ್ಯಾಂಡಿ ಕೊಡಸು.”

ಕೊಡಿಸಿದೆ. ಹೇಳುತ್ತಾಳೆ ಎಂದು ಗೊತ್ತಿದ್ದೇ ಕೊಡಿಸಿದೆ.